ಮೊಮ್ಮಗಳಿಗೆ ನಾನು ಹಾಕಿದ ತಾಳ

ನನ್ನ ಮೊಮ್ಮಗಳು ಸಿಂಚನ ತಾಳದ ಪರೀಕ್ಷೆ ಪಾಸು ಮಾಡಿದಳು! ಮಧ್ಯಾಹ್ನ ಮೊಬೈಲಿಗೆ ರಿಸಲ್ಟು ಬಂತು. ಮೊದಲು ಯಾರಿಗೆ ಹೇಳಲಿ ಎಂದು ತೋಚದೆ ಬೇಲಿಯಾಚೆ ಮೇಯುತ್ತಿದ್ದ ಪಕ್ಕದ ಮನೆಯ ಹಸುವಿಗೆ ಹೇಳಿ ಬಂದೆ. ಅದು ಕಿವಿ ಅಲ್ಲಾಡಿಸಿತು, ಅಷ್ಟೇ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಡಿಗ್ರಿ ಪರೀಕ್ಷೆಗೆ ಎಷ್ಟು ಖುಷಿಪಡಬೇಕು ಎಂಬ ಅಂದಾಜಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ.

ಸಿಂಚನ ಮೈಸೂರಿನಲ್ಲಿ ಸಂಗೀತದ ಡಿಗ್ರಿ ಓದುತ್ತಿದ್ದಾಳೆ. ಕಂಠ ಜೇನಿನಂಥದ್ದು, ಆದರೆ ತಾಳದಲ್ಲಿ ಎಡವುತ್ತಾಳೆ. ಕಳೆದ ವರ್ಷ ರಜೆಗೆ ಬಂದವಳು ನನ್ನನ್ನು ಜಗುಲಿಯಲ್ಲಿ ಎದುರಿಗೆ ಕೂರಿಸಿಕೊಂಡಳು. "ಅಜ್ಜಿ, ನೀನು ತಾಳ ಹಾಕು, ನಾನು ಹಾಡ್ತೀನಿ. ಮೊಬೈಲಲ್ಲೂ ತಾಳ ಬರುತ್ತೆ, ಆದ್ರೆ ಅದು ಮನುಷ್ಯರ ಥರ ಇಲ್ಲ ಕಣಜ್ಜಿ" ಎಂದಳು. ತೊಡೆಗೊಂದು ಪೆಟ್ಟು, ಕಿರುಬೆರಳಿಂದ ಮೂರು ಬೆರಳು, ಮತ್ತೆ ಪೆಟ್ಟು, ಅಂಗೈ ಮೇಲಕ್ಕೆ, ಇನ್ನೊಂದು ಪೆಟ್ಟು, ಮತ್ತೆ ಅಂಗೈ ಮೇಲಕ್ಕೆ. ಎರಡು ದಿನಕ್ಕೆ ಕಲಿತೆ. ಮೂರನೇ ದಿನ ಊಟಕ್ಕೆ ಕೂತಾಗಲೂ ಬೆರಳು ಆಡುತ್ತಿದ್ದವು. ಮಗ ಗಾಬರಿಯಾಗಿ, "ಅವ್ವಂಗೆ ನರದ ತೊಂದ್ರೆ ಇರ್ಬೇಕು, ಕುಶಾಲನಗರಕ್ಕೆ ಕರ್ಕೊಂಡು ಹೋಗಿ ತೋರ್ಸಣ" ಎಂದು ಸೊಸೆಯ ಹತ್ತಿರ ಪಿಸುಗುಟ್ಟಿದ.

ಆ ಮಧ್ಯಾಹ್ನಗಳನ್ನು ಏನೆಂದು ಹೇಳಲಿ! ದೂರದಲ್ಲಿ ಹಾರಂಗಿಯ ಹಿನ್ನೀರು ಒಣಹಾಕಿದ ಸೀರೆಯಂತೆ ಹೊಳೆಯುತ್ತಿತ್ತು. ಅವಳು ಹಾಡುತ್ತಿದ್ದಳು, ನನ್ನ ಕೈ ಆಡುತ್ತಿತ್ತು, ನಾನು ಎಚ್ಚರವೋ ನಿದ್ದೆಯೋ ನನಗೇ ತಿಳಿಯುತ್ತಿರಲಿಲ್ಲ. ಹದಿನೇಳರ ಹುಡುಗಿಯಾಗಿ ಕೆಸರುಗದ್ದೆಯಲ್ಲಿ ನಾಟಿಗೆ ನಿಂತಂತಿರುತ್ತಿತ್ತು. ನಮ್ಮ ಕಡೆ ನಾಟಿಯ ಸಾಲಿನಲ್ಲಿ ಯಾರನ್ನೂ ಹಿಂದೆ ಬಿಡುವುದಿಲ್ಲ. ಪಕ್ಕದವಳು ಹಿಂದೆ ಬಿದ್ದರೆ ಅವಳ ಪಾಲಿನ ಪೈರನ್ನೂ ಎರಡು ಊರಿ, ಅವಳು ಬಂದು ಕೂಡುವ ತನಕ ನಿಲ್ಲುತ್ತೇವೆ. ಕಾಲಿಗೆ ತಣ್ಣನೆ ಕೆಸರು, ಸುತ್ತಲೂ ಬಳೆಯ ಸದ್ದು... ಕಣ್ಣು ಬಿಟ್ಟರೆ ಹಾಡು ಮುಗಿದಿರುತ್ತಿತ್ತು. "ಒಂದ್ ಕಡೆನೂ ತಪ್ಪಲಿಲ್ಲ ಅಜ್ಜಿ!" ಎಂದು ಸಿಂಚನ ಕುಣಿಯುತ್ತಿದ್ದಳು. ನಾನೂ ವಿದ್ವಾಂಸರಂತೆ ತಲೆದೂಗುತ್ತಿದ್ದೆ.

ಅದೇ ಧೈರ್ಯದಲ್ಲಿ ಹೋಗಿ ಅವಳು ಫೇಲಾದಳು.

ಇನ್ನೊಂದು ಸಲ ಫೇಲಾದರೆ ವರ್ಷವೇ ಹೋಗುತ್ತದೆ ಎಂದು ಮುಂದಿನ ರಜೆಗೆ ಅತ್ತುಕೊಂಡು ಬಂದಳು. ಮೊಬೈಲಿನ ತಾಳಕ್ಕೆ ಹಾಡಿದರೆ ಸಾಲುಸಾಲಿಗೂ ತಪ್ಪು. ನನ್ನ ಕೈಗೆ ಹಾಡಿದರೆ ಎಲ್ಲ ಸರಿ. ನನ್ನ ಕೈಯನ್ನೇ ದಿಟ್ಟಿಸಿ ನೋಡಿದವಳು ತಟ್ಟನೆ ಹಾಡು ನಿಲ್ಲಿಸಿದಳು.

"ಅಜ್ಜಿ, ನೀನು ನಂಗೋಸ್ಕರ ಕಾಯ್ತೀಯ!"

"ಮತ್ತೆ? ಬಿಟ್ಟು ಹೋಗ್ತಾರೇನೆ ಯಾರಾದ್ರೂ?"

"ತಾಳ ಕಾಯ್ಬಾರ್ದು ಅಜ್ಜಿ. ನಾನು ಬಿದ್ರೆ ಬೀಳ್ಲಿ, ನೀನು ನಡೀತಾನೇ ಇರ್ಬೇಕು."

ಎಷ್ಟು ಸುಲಭವಾಗಿ ಹೇಳಿಬಿಟ್ಟಳು! ಅವಳ ಮುಖ ಬಾಡುವುದು ಕಂಡರೆ ನನ್ನ ಕೈ ತಾನಾಗಿ ನಿಧಾನವಾಗುತ್ತಿತ್ತು. ಕೊನೆಗೆ ಗೋಡೆಯ ಕಡೆ ತಿರುಗಿ ಕೂತು ತಾಳ ಹಾಕಿದೆ. ಬೆನ್ನ ಹಿಂದೆ ಅವಳು ತಪ್ಪುತ್ತಿದ್ದಳು, ಮೂಗೊರೆಸಿಕೊಳ್ಳುತ್ತಿದ್ದಳು, ಓಡಿ ಬಂದು ಸೇರುತ್ತಿದ್ದಳು. ನಾನು ಹಲ್ಲು ಕಚ್ಚಿ ಹಿಡಿದು ತೊಡೆ ತಟ್ಟುತ್ತಿದ್ದೆ. ಸೊಸೆ ಬಂದು, "ಅತ್ತೆ, ಮಗು ಮೇಲೆ ಯಾಕೆ ಮುನಿಸ್ಕೊಂಡು ಗೋಡೆ ನೋಡ್ತಾ ಕೂತಿದೀರಾ?" ಎಂದಳು. ಉತ್ತರ ಕೊಟ್ಟರೆ ತಾಳ ತಪ್ಪುತ್ತದೆಂದು ತೊಡೆ ತಟ್ಟುವುದನ್ನೇ ಮುಂದುವರಿಸಿದೆ. ಅವಳು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಬೆನ್ನ ಹಿಂದೆ ಬೀಳುವ ಸದ್ದು ನಿಂತಿತ್ತು.

ಈ ಸಂಜೆ ಸಿಂಚನ ಮೈಸೂರಿಂದ ಬಂದಿಳಿದಳು. ಊಟಕ್ಕೆ ಒತ್ತುಶಾವಿಗೆ, ನಾಟಿಕೋಳಿ ಸಾರು. ಶಾವಿಗೆ ಒರಳು ಒತ್ತಿದ್ದು ಮಗ. ಎಲ್ಲರೂ ಸುತ್ತ ಕೂತು ಉಣ್ಣುವಾಗ ಅವನು, "ನಮ್ಮವ್ವ ಇಲ್ದಿದ್ರೆ ಇವಳು ಪಾಸಾಗ್ತಿದ್ಲಾ?" ಎಂದ. ಸೊಸೆಯೂ ಹೌದೆಂದು ತಲೆಯಾಡಿಸಿದಳು. ನಾನಿಲ್ಲದಿದ್ದರೆ ಮೊದಲ ಸಲ ಫೇಲೂ ಆಗುತ್ತಿರಲಿಲ್ಲ ಎಂದು ಹೇಳಿಬಿಡೋಣ ಎನಿಸಿತು. ಸಿಂಚನ ನನ್ನ ಮುಖ ನೋಡಿ, ನಗು ತಡೆಯಲು ತುಟಿ ಬಿಗಿಹಿಡಿದು, ನನ್ನ ತಟ್ಟೆಗೆ ಇನ್ನೊಂದು ಹಿಡಿ ಶಾವಿಗೆ ಹಾಕಿದಳು. ಬಾಯಿ ತುಂಬಾ ಊಟವಿಟ್ಟುಕೊಂಡು ಮಾತಾಡುವುದು ಮರ್ಯಾದೆಯಲ್ಲ ನೋಡಿ. ನಾನು ಉಣ್ಣುತ್ತಲೇ ಇದ್ದೆ.