ಕಾಶಿನಾಥನ ಕೊಳ ಸೋರಿದ್ದು

ಹಿತ್ತಲಿನ ಈಜುಕೊಳದಲ್ಲಿ ಶನಿವಾರ ಸಂಜೆಯೂ ಒಂದು ಗೇಣು ನೀರು ಕಡಿಮೆಯಾಗಿತ್ತು. ಬೆಳಿಗ್ಗೆ ಬೋರ್ ಹಾಕಿ ತುಂಬಿಸುವುದು, ಸಂಜೆ ಬಂದು ನೋಡಿದರೆ ನೀರು ಇಳಿದಿರುವುದು. ಹನ್ನೊಂದು ದಿನದಿಂದ ಇದೇ ಆಗಿತ್ತು. ಭಾನುವಾರ ರಜೆ ಸಿಕ್ಕಿದ್ದೇ ಕಾಶಿನಾಥ ಗೌಂಡಿಗೆ ಫೋನ್ ಮಾಡಿದ.

ಕಾಶಿನಾಥ ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಇಪ್ಪತ್ತೆಂಟು ವರ್ಷ ನಿಂತೇ ನೌಕರಿ ಮಾಡಿ ಎರಡೂ ಮೊಣಕಾಲು ಸವೆಸಿಕೊಂಡಿದ್ದ. "ದಿನಾ ಅರ್ಧ ತಾಸು ನೀರಿನಾಗ ನಡೀರಿ" ಎಂದು ಡಾಕ್ಟರು ಹೇಳಿದ ಮೇಲೆಯೇ ಅವನಿಗೆ ತನ್ನ ಮನೆಯ ಹಿಂದೆ ಒಂದು ಕೊಳ ಇರುವುದು ನೆನಪಾದದ್ದು. ಮೂವತ್ತು ವರ್ಷದ ಹಿಂದೆ ತಾಂಡೂರಿನ ಕಲ್ಲುಗಣಿಯ ಮಾಲೀಕನೊಬ್ಬ ಶೋಕಿಗೆ ಕಟ್ಟಿಸಿದ್ದ ಕಾಂಕ್ರೀಟ್ ಕೊಳ ಅದು. ಮನೆ ಕೊಂಡ ಎಂಟು ವರ್ಷದಲ್ಲಿ ಕಾಶಿನಾಥನ ಸಂಸಾರ ಅದರಲ್ಲಿ ಮೆಣಸಿನಕಾಯಿ ಒಣಗಿಸಿತ್ತು, ಮುರಿದ ಕುರ್ಚಿ ಎಸೆದಿತ್ತು. ಅಂಚೆಲ್ಲ ಚಹಾದಲ್ಲಿ ಅದ್ದಿದ ಬಿಸ್ಕೀಟಿನಂತೆ ಉದುರುತ್ತಿತ್ತು.

ಹೆಂಡತಿ ಶಿವಕಾಂತಾ ಬೆಳಗಿನ ಮೊದಲ ಬಸ್ಸಿಗೇ ನಾರಾಯಣಖೇಡದಲ್ಲಿದ್ದ ತಂಗಿ ಪ್ರೇಮಲಾಳ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ರಿಪೇರಿ ಮುಗಿಸಿಬಿಡಬೇಕೆಂಬುದು ಕಾಶಿನಾಥನ ಆಸೆ.

ಕೊಹೀರಿನಿಂದ ಬಂದ ಗೌಂಡಿ ಸಂಗು ನೀರಿನ ಮೇಲೆ ಕಾಣುತ್ತಿದ್ದ ಒಂದು ಬಿರುಕಿನ ಮೇಲೆ ಬೆರಳಾಡಿಸಿದ. "ಇಷ್ಟೇ ಏನ್ರಿ ಅಣ್ಣಾರ? ಎರಡು ಕರಣಿ ಸಿಮೆಂಟಿನ ಕೆಲಸ. ಊಟದೊಳಗ ಮುಗಸ್ತೀನಿ."

ಅಷ್ಟರಲ್ಲಿ ಎದುರು ಮನೆಯ ಗುರುಬಸವ ಕಾಕಾ ಚಹಾದ ಕಪ್ಪು ಹಿಡಿದೇ ಒಳಗೆ ಬಂದರು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರು. ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿದವರಿಗೆ ಬಿರುಕು ಕಂಡರೆ ಸುಮ್ಮನಿರಲು ಆಗುತ್ತದೆಯೇ?

"ಇದು ಬಿರುಕಲ್ಲೋ, ಬರೇ ಗೆರಿ. ರೋಗ ತಳದಾಗ ಅದ. ಕಾಶಿನಾಥ, ಮನ್ಯಾಗ ಬಟ್ಟಿಗೆ ಹಾಕೋ ನೀಲಿ ಅದ ಏನು?"

"ಯಾಕ್ರಿ ಕಾಕಾ?"

"ನೀರಿಗಿ ಹಾಕಮು. ನೀಲಿ ಯಾ ಕಡಿಗಿ ಹರೀತದೋ ಅಲ್ಲೇ ತೂತು."

ಬೇಡ ಎನ್ನಲು ಕಾಶಿನಾಥ ಬಾಯಿ ತೆರೆದ. ಕಾಕಾ ಆಗಲೇ ಬಚ್ಚಲಿನಿಂದ ನೀಲಿಯ ಡಬ್ಬಿ ತಂದು ಪೂರ್ತಿ ಸುರುವಿದ್ದರು. ನೀಲಿ ಯಾವ ಕಡೆಗೂ ಹರಿಯಲಿಲ್ಲ, ಎಲ್ಲ ಕಡೆಗೂ ಹರಡಿತು. ಮೂವರೂ ಅರ್ಧ ತಾಸು ಆ ನೀಲಿ ಕೊಳವನ್ನೇ ನೋಡುತ್ತ ಕುಳಿತರು.

"ಹಂಗಾದ್ರ ನೀರು ಖಾಲಿ ಮಾಡಿಯೇ ನೋಡಬೇಕು" ಎಂದರು ಕಾಕಾ.

ಮೋಟಾರು ಇಳಿಸಿ, ಪೈಪನ್ನು ಹಿಂದಿನ ಗಲ್ಲಿಗೆ ಬಿಟ್ಟರು. ಹತ್ತು ನಿಮಿಷವಾಗಿರಲಿಲ್ಲ, ಗಲ್ಲಿಯಿಂದ ಕೂಗು ಬಂತು.

"ಏ ಕಾಶಿನಾಥ! ಹೊರಗ ಬಾ! ನನ್ನ ಜ್ವಾಳ ನೋಡು ಬಾ!"

ಹಿಂದಿನ ಮನೆಯ ಸಕ್ಕುಬಾಯಿ ಗಲ್ಲಿಯಲ್ಲಿ ಸೀರೆ ಹಾಸಿ ಜೋಳ ಒಣಹಾಕಿದ್ದಳು. ಈಗ ಅದು ನೀಲಿ ಮಣಿ ಹರಡಿದಂತೆ ಕಾಣುತ್ತಿತ್ತು. ಒಂದು ಹಿಡಿ ಎತ್ತಿ ಕಾಶಿನಾಥನ ಮೂಗಿನ ಹತ್ತಿರ ಹಿಡಿದಳು.

"ಇದರ ರೊಟ್ಟಿ ತಿನ್ನಾಕ ಆ ನೀಲಕಂಠನೇ ಬರಬೇಕು!"

ಕಾಶಿನಾಥ ಒಳಗೆ ಹೋದ. ಮನೆಯಲ್ಲಿದ್ದ ಜೋಳದ ಚೀಲವನ್ನು ಹೆಗಲ ಮೇಲೆ ಹೊತ್ತು, ಒಂದೊಂದು ಹೆಜ್ಜೆಗೂ "ಶಿವ ಶಿವಾ" ಎನ್ನುತ್ತ ಅವಳ ಪಡಸಾಲೆಯಲ್ಲಿ ಇಳಿಸಿ ಬಂದ. ಬಂದು ನೋಡಿದರೆ ಸಕ್ಕುಬಾಯಿ ಅವನಿಗಿಂತ ಮೊದಲೇ ಕೊಳದ ದಂಡೆಯಲ್ಲಿ ಕುಳಿತಿದ್ದಳು. ಜೋಳದ ಜಗಳ ಮುಗಿದಿತ್ತು. ಈಗ ಅವಳಿಗೂ ಕೊಳದ ಬಗ್ಗೆ ಒಂದು ಅಭಿಪ್ರಾಯ ಹುಟ್ಟಿತ್ತು.

ಮಧ್ಯಾಹ್ನದ ಹೊತ್ತಿಗೆ ಕೊಳ ಖಾಲಿಯಾಯಿತು. ಗುರುಬಸವ ಕಾಕಾ ಒಳಗಿಳಿದು ಕೋಲಿನಿಂದ ತಳವನ್ನು ಬಡಿಯುತ್ತ, ಕಿವಿಯಿಟ್ಟು ಆಲಿಸುತ್ತ ಬಂದು ನಡುವೆ ನಿಂತರು. "ಇಲ್ಲಿ ಪೊಳ್ಳು ಅದ. ಒಡಿ."

ಸಂಗು ಕಾಶಿನಾಥನ ಮುಖ ನೋಡಿದ. ಕಾಶಿನಾಥ ಆಕಾಶ ನೋಡಿದ. ಒಂದು ತಾಸು ಸುತ್ತಿಗೆ ಆಡಿದ ಮೇಲೆ ಕಾಂಕ್ರೀಟು ಬಿಟ್ಟುಕೊಟ್ಟಿತು. ಕೆಳಗಿನ ಕೆಂಪು ಮಣ್ಣು ಹುರಿದ ರವೆಯಂತೆ ಒಣಗಿತ್ತು.

"ಕಾಕಾ, ನೀರು ಸೋರಿದ್ರ ಮಣ್ಣು ಹಸಿ ಇರಬೇಕಿತ್ತಲ್ರಿ?" ಎಂದು ಕಾಶಿನಾಥ ಮೆಲ್ಲಗೆ ಕೇಳಿದ.

"ನೀರು ಇನ್ನೂ ಆಳಕ್ಕ ಹೋಗ್ಯಾದ" ಎಂದರು ಕಾಕಾ.

"ಆಳಾನೂ ಇಲ್ಲ, ಏನೂ ಇಲ್ಲ. ನಮ್ಮ ಗ್ವಾಡಿ ಕಡಿಗಿ ಬಂದಾದ" ಎಂದು ಸಕ್ಕುಬಾಯಿ ಮೂಲೆಯೊಂದನ್ನು ತೋರಿಸಿದಳು. ಜೋಳದ ಋಣವಿದ್ದುದರಿಂದ ಅಲ್ಲಿಯೂ ಒಡೆಯಲೇಬೇಕಾಯಿತು. ಅಲ್ಲಿಯೂ ಒಣ ಮಣ್ಣು. ಇಬ್ಬರ ಮಾತೂ ನಡೆದ ಮೇಲೆ ತನ್ನ ಮಾತೇ ನಡೆಯದಿದ್ದರೆ ಹೇಗೆ ಎಂದು ಸಂಗುವಿಗೂ ಅನ್ನಿಸಿರಬೇಕು. ಏಣಿಯ ಬುಡದಲ್ಲಿ ಅವನು ತನ್ನದೇ ಒಂದು ಗುಂಡಿ ತೆಗೆದ. ಅದನ್ನು ನೋಡಲೆಂದು ಇಳಿದ ಕಾಶಿನಾಥ ಕಾಲು ಜಾರಿ ಅದರಲ್ಲೇ ಕುಳಿತುಬಿಟ್ಟ.

ನಾಲ್ಕು ಗಂಟೆಗೆ ಸಂಗು ಕೈ ತೊಳೆದುಕೊಂಡ. "ಇದು ನನ್ನ ಕೈಲೆ ಆಗಲ್ರಿ ಅಣ್ಣಾರ. ತಳ ಪೂರಾ ಕಿತ್ತು ಹೊಸಾದು ಹಾಕಬೇಕು." ಹೊರಟೇ ಹೋದ. ಕಾಕಾನಿಗೆ ಚಹಾದ ಹೊತ್ತಾಗಿತ್ತು. ಸಕ್ಕುಬಾಯಿಗೆ ಜೋಳ ಬೀಸಿಸಲು ಗಿರಣಿಗೆ ಹೋಗಬೇಕಿತ್ತು. ಮೂರು ಗುಂಡಿಗಳ ಜೊತೆ ಕಾಶಿನಾಥ ಒಬ್ಬನೇ ಉಳಿದ. ಮೇಲೆ ಹತ್ತುವ ಶಕ್ತಿ ಮೊಣಕಾಲಿಗಿರಲಿಲ್ಲ.

ಐದು ಗಂಟೆಗೆ ಮನೆ ಮುಂದೆ ಆಟೋ ನಿಂತ ಸದ್ದಾಯಿತು. ಶಿವಕಾಂತಾ ಹಿತ್ತಲಿಗೆ ಬಂದಳು. ಅವಳ ಭುಜದ ಮೇಲೆ ಗಾಳಿ ತುಂಬಿದ ಒಂದು ದೊಡ್ಡ ಲಾರಿ ಟ್ಯೂಬು. ಕೊಳದೊಳಗೆ ಇಣುಕಿದವಳು ಹಾಗೆಯೇ ನಿಂತಳು.

"ಏನ್ರಿ ಇದು? ಯಾಕ ಒಡದೀರಿ?"

"ಸೋರ್ತಿತ್ತಲ್ಲ. ರಿಪೇರಿ."

"ಎಲ್ಲಿ ಸೋರ್ತಿತ್ರಿ? ನಾನೇ ಬಿಡ್ತಿದ್ದೆ."

ಕಾಶಿನಾಥ ತಲೆ ಎತ್ತಿದ.

"ಹಿಂದಿನ ಗ್ವಾಡಿ ಬುಡದಾಗ, ಲೋಳಸರದ ಗಿಡದ ಮರೀಗಿ ಕೊಳದ ನೀರು ಬಿಡೋ ಒಂದು ನಳ ಅದ. ನೀವು ಡ್ಯೂಟಿಗಿ ಹೋದ ಮ್ಯಾಲ ದಿನಾ ಒಂದು ಗೇಣು ನೀರು ಮೋರಿಗಿ ಬಿಡ್ತಿದ್ದೆ. ನಿಮಗ ಈಜು ಬರಲ್ಲ. ನೀವು ನೋಡಿದ್ರ ಕುತಿಗೀ ಮಟ ತುಂಬಸ್ತೀರಿ. ಒಂದಿನ ಕಾಲು ಜಾರಿದ್ರ ನಾ ಏನು ಮಾಡ್ಲಿ?"

"ಒಂದು ಮಾತು ಹೇಳಬೇಕಿಲ್ಲ?"

"ಹೇಳಿದ್ರ ಕೇಳ್ತಿದ್ರೇನು? ಅದಕ್ಕೇ ಇವತ್ತ ಪ್ರೇಮಲಾನ ಮನಿಗಿ ಹೋಗಿ, ಆಕಿ ಗಂಡನ ಲಾರಿದು ಟ್ಯೂಬು ತಂದೀನಿ. ಇದರೊಳಗ ಇಳದು ನಡೀರಿ ಅಂತ. ನಾಳಿಯಿಂದ ನೀರು ಬಿಡಬಾರದು ಅಂದುಕೊಂಡಿದ್ದೆ."

ಕಾಶಿನಾಥ ಒಂದು ಗುಂಡಿ ನೋಡಿದ, ಇನ್ನೊಂದು ನೋಡಿದ, ಮತ್ತೊಂದರಲ್ಲಿ ತಾನೇ ಕುಳಿತಿದ್ದ. ಶಿವಕಾಂತಾ ಟ್ಯೂಬನ್ನು ಕೆಳಗೆ ಉರುಳಿಸಿದಳು. ಅದು ಬಂದು ಅವನ ಪಕ್ಕದಲ್ಲಿ ಒರಗಿತು. ಅವನು ಹೇಗೋ ಎದ್ದು ಅದರ ಮೇಲೆ ಕುಳಿತ. ಇಡೀ ದಿನದಲ್ಲಿ ಮೊದಲ ಬಾರಿಗೆ ಮೆತ್ತಗೆ ಏನೋ ಸಿಕ್ಕಿತ್ತು.

ದಂಡೆಯ ಮೇಲೆ ನಿಂತ ಹೆಂಡತಿ ಮೂರೂ ಗುಂಡಿಗಳನ್ನು ನಿಧಾನವಾಗಿ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಆತು ಬಿಡ್ರಿ. ದಿನಾ ನಳ ತಿರುವೋದು ನನಗೂ ತಪ್ಪಿತು."