ಡಬ್ಬಿ ಸಂಘದ ಹೊಟ್ಟೆಕಿಚ್ಚು

ಕಂಡದ್ದನ್ನೂ ಅಡಗಿದ್ದನ್ನೂ ಒಂದೇ ನೋಟದಲ್ಲಿ ಬಲ್ಲ, ತಾನು ಮಾತ್ರ ಯಾವ ಯಂತ್ರಕ್ಕೂ ಸಿಗದ ಭಗವಂತನಿಗೆ ಮೊದಲು ಕೈಮುಗಿಯುತ್ತೇನೆ. ಅವನು ನಡೆಸಿದಂತೆ ನಡೆದವನು ನಾನು. ನಡುನಡುವೆ ಪಟ್ಟ ಹೊಟ್ಟೆಕಿಚ್ಚು ಮಾತ್ರ ನನ್ನ ಸ್ವಂತದ್ದು.

ಸಂಘ ಅಂತ ಒಂದು ಕಟ್ಟಿದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಅದರಲ್ಲೂ ನಮ್ಮದು ಡಬ್ಬಿ ಬಚ್ಚಿಡುವ ಸಂಘ. ಕಲಿತವರು ಇದಕ್ಕೆ ಜಿಯೋಕ್ಯಾಚಿಂಗ್ ಅನ್ನುತ್ತಾರೆ. ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ, ಪೆನ್ನು ಇಟ್ಟು ಎಲ್ಲಾದರೂ ಬಚ್ಚಿಡಬೇಕು. ಆ ಜಾಗದ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಉಳಿದವರಿಗೆ ಕೊಡಬೇಕು. ಅವರು ಜಿಪಿಎಸ್ ಯಂತ್ರ ಹಿಡಿದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ ಆಟ.

ಎರಡು ಸಾವಿರದ ಏಳೆಂಟರ ಸುಮಾರು. ಹಾವೇರಿಯಲ್ಲಿ ನನ್ನದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ. ಸಂಘ ಕಟ್ಟಿದವನು ನಾನು, ನಿಯಮ ಬರೆದವನು ನಾನು, ಎಲ್ಲರ ಡಬ್ಬಿಗೂ ಪುಸ್ತಕ ಹೊಲಿದು ಕೊಟ್ಟವನು ನಾನು. ಆದರೆ ಯಂತ್ರ ಇದ್ದದ್ದು ರಾಣೆಬೆನ್ನೂರಿನ ಬೀಜದ ಅಂಗಡಿಯ ಸಾವ್ಕಾರರ ಹತ್ತಿರ. ಯಾವುದೋ ಬೀಜದ ಕಂಪನಿಯವರು ಬಹುಮಾನ ಕೊಟ್ಟಿದ್ದರಂತೆ. ಆಮೇಲೆ ಬ್ಯಾಡಗಿಯಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ, ಕೆಟ್ಟುಹೋದ ಇನ್ನೊಂದು ಯಂತ್ರವನ್ನು ಎಲ್ಲಿಂದಲೋ ತಂದು ಸರಿಮಾಡಿ ಸಂಘಕ್ಕೆ ಕೊಟ್ಟರು. ಮೂರೂರು ಸೇರಿ ಇಪ್ಪತ್ತೈದು ಮಂದಿ ಆದೆವು.

ವರ್ಷದ ಕೊನೆಗೆ ಯಾರ ಡಬ್ಬಿಯ ಪುಸ್ತಕದಲ್ಲಿ ಹೆಚ್ಚು ಹೆಸರುಗಳಿರುತ್ತವೋ ಅವರೇ ಅಧ್ಯಕ್ಷರು. ಸದಸ್ಯರು ಬರೆದರೂ ಸರಿ, ದಾರಿಹೋಕರು ಬರೆದರೂ ಸರಿ. ಈ ನಿಯಮವೂ ನನ್ನದೇ. ದೇವರಾಣೆ, ಅಧ್ಯಕ್ಷನಾಗಬೇಕು ಅನ್ನುವ ಆಸೆ ನನಗಿರಲಿಲ್ಲ. ಸಾವ್ಕಾರರು ಆಗಬಾರದು, ಅಷ್ಟೇ.

ಅಂಗೈಯಲ್ಲಿ ಕಂಡದ್ದು

ಮೊದಲ ಹುಡುಕಾಟ ರಾಣೆಬೆನ್ನೂರಿನ ಹೊರಗೆ, ಗೋವಿನಜೋಳದ ಹೊಲಗಳ ಬದುವಿನಲ್ಲಿ. ಸಾವ್ಕಾರರು ಬಿಳಿ ಅಂಗಿ, ಬಿಳಿ ಧೋತರ ಉಟ್ಟು ಬಂದಿದ್ದರು. ಹಣೆ ತುಂಬ ವಿಭೂತಿ. ಕೊರಳಲ್ಲಿ ಯಂತ್ರದ ದಾರ. ಎಡ ಅಂಗೈಯಲ್ಲಿ ಯಂತ್ರ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ನಿಂತರು. ನಮ್ಮ ಕಡೆ ಹಾಗೆ ನಿಂತವರನ್ನು ಕಂಡರೆ ಇಷ್ಟಲಿಂಗದ ಪೂಜೆಯಲ್ಲಿದ್ದಾರೆ ಅಂತ ಯಾರಾದರೂ ಹೇಳಿಯಾರು.

ಕಳೆ ತೆಗೆಯುತ್ತಿದ್ದವರು ಒಬ್ಬೊಬ್ಬರಾಗಿ ಬಂದು, ಚಪ್ಪಲಿ ಕಳಚಿ, ಕೈಮುಗಿದು ನಿಂತರು. ಸಾವ್ಕಾರರಿಗೆ ಅದರ ಧ್ಯಾಸವೇ ಇಲ್ಲ.

"ಹದಿನೈದು ಫೂಟು..." ಅಂದರು. "ಹತ್ತು ಫೂಟು... ಹತ್ರ ಬಂತು... ಇಲ್ಲೇ ಐತಿ!"

ಮುಂದೆ ನಿಂತಿದ್ದ ಅಜ್ಜ "ಯಪ್ಪಾ, ಬಂದೇನಪಾ!" ಅಂತ ಉದ್ದಕ್ಕೆ ಅಡ್ಡಬಿದ್ದ.

ನಾನು ಮೆಲ್ಲಗೆ "ಅಜ್ಜಾರ, ಅದು ಮಷೀನ್ರಿ" ಅಂದೆ.

"ಸುಮ್ನಿರಪಾ ತಮ್ಮಾ. ದೊಡ್ಡವ್ರ ಪೂಜಿ ಕೆಡಸಬ್ಯಾಡ."

ನಾನು ದಿನಾ ಬೆಳಿಗ್ಗೆ ಒಂದು ತಾಸು ದೇವರ ಮುಂದೆ ಕೂಡುತ್ತೇನೆ. ಇವತ್ತಿನವರೆಗೆ ನನ್ನನ್ನು ಕಂಡು ಒಬ್ಬನೂ ಚಪ್ಪಲಿ ಕಳಚಿಲ್ಲ. ಡಬ್ಬಿ ಸಿಕ್ಕಿತು. ಬುತ್ತಿ ಬಿಚ್ಚಿದ ಅಜ್ಜ ಸಾವ್ಕಾರರಿಗೆ ಎರಡು ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟು, ನನ್ನ ಕಡೆ ತಿರುಗಿ ಕೇಳಿದ:

"ನೀ ಏನಪಾ, ಇವ್ರ ಚೀಲಾ ಹೊರಾಂವೇನು?"

ಖಾಲಿ ಡಬ್ಬಿ

ಸಾವ್ಕಾರರು ತಮ್ಮ ಡಬ್ಬಿಯನ್ನು ಬ್ಯಾಡಗಿಯ ಒಂದು ಓಣಿಯಲ್ಲಿ, ಹಳೇ ಕಲ್ಲಿನ ಗೋಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದರು. ಸ್ಟೀಲಿನದು, ಮುಚ್ಚಳ ಬಿಗಿ. ಚಾಚಾ, ನಾನು ಹುಡುಕಲು ಹೋದೆವು. ಯಂತ್ರ ಇಲ್ಲೇ ಅನ್ನುತ್ತಿದೆ, ಸಂದಿಯಲ್ಲಿ ಡಬ್ಬಿ ಇಲ್ಲ. ಕಳೆದುಹೋಗಿದ್ದರೆ ಸಾವ್ಕಾರರ ಪಾಲಿಗೆ ಸೊನ್ನೆ! ಖುಷಿಯಾಯಿತು. ಖುಷಿಪಟ್ಟದ್ದಕ್ಕೆ ಅಲ್ಲೇ ನಿಂತು ಕೆನ್ನೆ ಬಡಿದುಕೊಂಡೆ.

ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದ ಹೆಣ್ಣುಮಗಳು ಕೇಳಿದಳು, "ಏನ್ ಹುಡಕಾಕತ್ತೀರಿ?"

"ಇಲ್ಲೊಂದು ಡಬ್ಬಿ ಇತ್ತು ಅಕ್ಕಾರ."

"ನಿಮ್ಮದನ್ರಿ ಅದು? ನಾ ಎದುರು ಮನಿಯವರು ಮರತು ಹೋಗ್ಯಾರ ಅನ್ಕೊಂಡೆ. ಖಾಲಿ ಡಬ್ಬಿ ಹೆಂಗ ವಾಪಸ್ ಕೊಡೂದ್ರೀ? ಶೇಂಗಾ ಚಟ್ನಿ ತುಂಬಿ ಕೊಟ್ಟು ಬಂದೆ."

ಎದುರು ಮನೆಗೆ ಹೋದೆವು. "ನಮ್ಮದಲ್ರಿ ಅದು. ಆದ್ರ ಚಟ್ನಿ ತಿಂದ ಮ್ಯಾಲೆ ಖಾಲಿ ಇಡಾಕಾಗ್ತೈತೇನ್ರಿ? ಕರದಂಟು ಹಾಕಿ ಮೂಲಿಮನಿಗೆ ಕೊಟ್ವಿ." ಮೂಲೆಮನೆಯವರು ಅವಲಕ್ಕಿ ಹಾಕಿ ಮುಂದಿನ ಮನೆಗೆ ಕೊಟ್ಟಿದ್ದರು. ಓಣಿಯ ಒಂಬತ್ತನೇ ಮನೆಯಲ್ಲಿ ಡಬ್ಬಿ ಸಿಕ್ಕಿತು. ಒಳಗೆ ಗುರೆಳ್ಳಿನ ಪುಡಿ.

ಪುಸ್ತಕ? ಅದನ್ನೂ ಜೋಪಾನ ಮಾಡಿದ್ದರು. ಯಾರದು ಯಾರಿಗೆ ಹೋಯಿತು ಅನ್ನುವುದು ತಪ್ಪಬಾರದಲ್ಲ, ಒಬ್ಬೊಬ್ಬರೂ ಹೆಸರು ಬರೆದು ಮುಂದೆ "ಮುಟ್ಟೇತಿ" ಅಂತ ಬರೆದಿದ್ದರು. ಒಂಬತ್ತು ಹೆಸರು!

"ಚಾಚಾ, ಇವು ನಡಿಯಂಗಿಲ್ಲ" ಅಂದೆ. "ಇವ್ರ್ಯಾರೂ ಯಂತ್ರ ಹಿಡದು ಹುಡುಕಿಲ್ಲ."

ಚಾಚಾ ಗುರೆಳ್ಳಿನ ಪುಡಿಯನ್ನು ಬೆರಳಿಗೆ ಹಚ್ಚಿ ರುಚಿ ನೋಡುತ್ತಿದ್ದರು. "ಅಣ್ಣಾರ, ಮನಿಮನಿ ಕೇಳ್ಕೋತ ಬಂದೀವಿ, ನಾವರ ಯಂತ್ರ ಹಿಡದು ಹುಡಿಕೀವೇನು? ಬರೀರಿ ಹೆಸರು."

ನಿಯಮ ನಿಯಮವೇ. ಸಾವ್ಕಾರರ ಪುಸ್ತಕದ ಹತ್ತನೇ ಹೆಸರನ್ನು ನನ್ನ ಕೈಯಾರೆ, ದುಂಡಗೆ ಬರೆದು ಬಂದೆ.

ಆರೋ ಒಂಬತ್ತೋ

ನನ್ನ ಡಬ್ಬಿಯನ್ನು ಮೊದಲು ಇಟ್ಟದ್ದು ಗಳಗನಾಥದಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡುವ ಕಡೆ, ದಂಡೆಯ ಮೇಲಿನ ಒಂದು ಮರದ ಬೇರಿನಲ್ಲಿ. ಭಾಷೆಯ ಅಭಿಮಾನ ನೋಡಿ, ಜಾಗದ ಅಂಕಿಗಳನ್ನು ಕನ್ನಡ ಅಂಕಿಯಲ್ಲೇ ಬರೆದು ಕೊಟ್ಟೆ. ನನ್ನ ಕೈಬರಹದಲ್ಲಿ ೬ ಮತ್ತು ೯ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಸಾವ್ಕಾರರು ಯಂತ್ರ ನೋಡಿಕೊಂಡೇ ನಡೆದರು. ದಂಡೆ ಮುಗಿಯಿತು, ನಡೆದರು. ಮೊಣಕಾಲು ನೀರು, ನಡೆದರು. ಸೊಂಟಮಟ್ಟ ಬಂದಾಗ "ಅಣ್ಣಾರ, ನೀರಾಗ ಇಟ್ಟೀರೇನ್ರೀ?" ಅಂತ ಕೂಗಿ, ಕಾಲು ಜಾರಿ ಒಮ್ಮೆ ಪೂರ್ತಿ ಮುಳುಗಿ ಎದ್ದರು. ಯಂತ್ರವನ್ನು ಮಾತ್ರ ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದಿದ್ದರು.

ಮೇಲೆ ಬಂದಾಗ ದಂಡೆಯ ಗುಡಿಯ ಪೂಜಾರಪ್ಪ ತೀರ್ಥ, ಹೂವು ಹಿಡಿದು ಕಾಯುತ್ತಿದ್ದ. "ಈಗಿನ ಕಾಲದಾಗ ಇಷ್ಟು ಭಕ್ತಿಲೆ ಸಂಗಮಸ್ನಾನ ಮಾಡಾವ್ರು ಎಲ್ಲಿ ಸಿಗ್ತಾರ್ರೀ!" ಅಂತ ಅವರ ಕೊರಳಿಗೆ ದೇವರ ಮಾಲೆ ಹಾಕಿದ.

ತಪ್ಪು ನನ್ನದು, ಪುಣ್ಯ ಅವರದು. ಒಣ ಬಟ್ಟೆಯಲ್ಲಿ ನಿಂತ ನನ್ನನ್ನು ನೋಡಿ ಪೂಜಾರಪ್ಪ ಹೇಳಿದ, "ನೀವೂ ಒಂದ್ಸಲಾ ಜಳಕಾ ಮಾಡ್ಕೊಂಡು ಬರ್ರಿ, ಆಮ್ಯಾಲೆ ತೀರ್ಥ ಕೊಡೋಣಂತ."

ಹೆಸರು

ಅಲ್ಲಿಂದ ಒಂದೂ ಹೆಸರು ಬೀಳದ ಡಬ್ಬಿ ಎತ್ತಿಕೊಂಡು ಕದರಮಂಡಲಗಿಗೆ ಹೋದೆ. ಆಂಜನೇಯನ ಗುಡಿಗೆ ಬರುವ ದಾರಿಯಲ್ಲಿ ಒಂದು ಬೇವಿನ ಕಟ್ಟೆ. ಅದರ ಸಂದಿಯಲ್ಲಿಟ್ಟೆ. ಸದಸ್ಯರು ಯಾರೂ ಆ ಕಡೆ ಹಾಯಲಿಲ್ಲ. "ಗುಡಿಗೆ ಹೋದ್ರ ಕೈಮುಗಿಯೂದೋ, ಡಬ್ಬಿ ಹುಡುಕೂದೋ?" ಅಂದರು ಸಾವ್ಕಾರರು. ಅವರ ಪುಸ್ತಕದಲ್ಲಿ ಆಗಲೇ ಮೂವತ್ತು ಹೆಸರು.

ನಾನು ಪ್ರತಿ ಶನಿವಾರ ಗುಡಿಗೆ ಹೋಗಿ ಬೇಡಿಕೊಂಡೆ: "ತಂದೆ, ನನ್ನ ಪುಸ್ತಕ ತುಂಬಿಸು." ಒಮ್ಮೆಯೂ ಡಬ್ಬಿ ತೆರೆದು ನೋಡಲಿಲ್ಲ. ನೋಡಿದರೆ ಅವನನ್ನು ನಂಬಲಿಲ್ಲ ಅಂತಲ್ಲವೇ? ಮನೆಯಲ್ಲಿ ಹೆಂಡತಿ ಕೇಳಿದಳು, "ದೇವರ ಹಂತ್ಯಾಕ ಏನ್ ಬೇಡಾಕತ್ತೀರಿ ಇಷ್ಟ್ ದಿವಸ?" ಲೋಕಕಲ್ಯಾಣ ಅಂದೆ.

ವರ್ಷದ ಕೊನೆಯ ಸಭೆ ಮೋಟೆಬೆನ್ನೂರಿನಲ್ಲಿ. ಬೆಳಿಗ್ಗೆ ಡಬ್ಬಿಯನ್ನು ತೆರೆಯದೆಯೇ ತಂದು ಎಲ್ಲರ ಮುಂದೆ ಇಟ್ಟೆ. ಎಣಿಸುವ ಕೆಲಸ ಚಾಚಾರದು. ಮುಚ್ಚಳ ತೆಗೆದು, ಪುಸ್ತಕ ಬಿಡಿಸಿ, ಕನ್ನಡಕ ಏರಿಸಿದರು. ಒಂದು ಪುಟ ತಿರುವಿದರು. ಇನ್ನೊಂದು. ಮತ್ತೊಂದು.

"ಯಾ ಅಲ್ಲಾ" ಅಂದರು. "ಪೂರಾ ತುಂಬೇತಿ!"

ನನ್ನ ಕಣ್ಣಲ್ಲಿ ನೀರು ಬಂತು. ಸಾವ್ಕಾರರ ಮುಖ ನೋಡಿದೆ. ಬಾಡಿತ್ತು. ಆ ಸುಖವನ್ನು ಏನಂತ ಹೇಳಲಿ!

"ಓದ್ರಿ ಚಾಚಾ, ಒಂದೊಂದು ಹೆಸರೂ ಜೋರಾಗಿ ಓದ್ರಿ" ಅಂದೆ.

ಚಾಚಾ ಓದಿದರು. "ಶ್ರೀರಾಮ. ಶ್ರೀರಾಮ. ಶ್ರೀರಾಮ. ಶ್ರೀರಾಮ..."

ಅಂಗಡಿಯ ರೂಢಿಯಂತೆ ನಾನು ಮೊದಲ ಪುಟದ ನೆತ್ತಿಯ ಮೇಲೆ "ಶ್ರೀ" ಅಂತ ಬರೆದಿದ್ದೆ. ಗುಡಿಗೆ ಬರುತ್ತಿದ್ದ ಯಾರೋ ಅಜ್ಜಿ ಅದನ್ನು ರಾಮನಾಮ ಬರೆಯುವ ಪುಸ್ತಕ ಅಂತ ತಿಳಿದು, ಕಟ್ಟೆಯ ಮೇಲೆ ಕುಳಿತು, ಮೊದಲಿನಿಂದ ಕೊನೆಯವರೆಗೆ ಬರೆದು ಮುಗಿಸಿದ್ದಳು. ರಟ್ಟಿನ ಒಳಮೈಯಲ್ಲಿ ನಡುಗುವ ಅಕ್ಷರದಲ್ಲಿ ಒಂದು ಸೂಚನೆ: "ಪುಸ್ತಕ ಮುಗೀತು. ಪೆನ್ನೂ ತೀರೇತಿ. ಬರೂ ಶನಿವಾರದೊಳಗ ಎರಡೂ ಇಡ್ರಿ. ಗೆರಿ ಸ್ವಲ್ಪ ಅಗಲ ಹಾಕ್ಸ್ರಿ, ಈ ಅಜ್ಜಿಗೆ ಕಣ್ಣು ಕಾಣಂಗಿಲ್ಲ."

"ಎಷ್ಟು ಹೆಸರಾದುವು ಚಾಚಾ?" ಅಂತ ಸೋತ ದನಿಯಲ್ಲಿ ಕೇಳಿದೆ.

ಚಾಚಾ ಪುಸ್ತಕ ಮುಚ್ಚಿದರು. "ಎಷ್ಟ ಸಲ ಬರದ್ರೂ ಹೆಸರು ಒಂದ ಅಲ್ರೀ ಅಣ್ಣಾರ? ಅಜ್ಜಿ ತನ್ನ ಹೆಸರು ಬರದಿಲ್ಲ. ಒಂದು."

ಸಾವ್ಕಾರರ ನಲವತ್ತೊಂದಕ್ಕೆ ನನ್ನದು ಒಂದು. ಸಾವ್ಕಾರರು ಅಧ್ಯಕ್ಷರಾದರು. ಆದರೆ ಹಾರ ಹಾಕಿಸಿಕೊಳ್ಳುವಾಗಲೂ ಅವರ ಮುಖ ಅರಳಲಿಲ್ಲ. ಕಡೆಗೆ ನನ್ನ ಪಕ್ಕ ಬಂದು ಕುಳಿತು, ಪುಸ್ತಕ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಅಣ್ಣಾರ, ಖರೇ ಹೇಳ್ತೇನಿ, ಹೊಟ್ಟಿಯೊಳಗ ಬೆಂಕಿ ಬಿದ್ದಂಗ ಆಗೇತಿ. ನನ್ನ ಡಬ್ಬಿ ಹುಡಿಕ್ಕೊಂಡು ನಲವತ್ತೊಂದು ಮಂದಿ ಬಂದ್ರು. ನಿಮ್ಮದನ್ನ ಹುಡಿಕ್ಕೊಂಡು ಶ್ರೀರಾಮನ ಬಂದಾನಲ್ರಿ!"

ವರ್ಷವಿಡೀ ಅವರನ್ನು ನೋಡಿ ಉರಿದವನು ನಾನು. ಈಗ ಅವರು ನನ್ನನ್ನು ನೋಡಿ ಉರಿಯುತ್ತಿದ್ದರು! ಅಯ್ಯೋ ಪಾಪ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ:

"ಬರೂ ವರ್ಷ ನೀವೂ ಪ್ರಯತ್ನ ಮಾಡ್ರಿ ಸಾವ್ಕಾರ್ರ. ಅವ ಬಂದ್ರೂ ಬಂದಾನು."

ಇಷ್ಟು ಹೊತ್ತು ನಕ್ಕು ಕೇಳಿದ ತಾಯಂದಿರಿಗೆ, ಅಣ್ಣಂದಿರಿಗೆ ಆ ಸ್ವಾಮಿ ಆಯುಷ್ಯ ಕೊಡಲಿ, ಆರೋಗ್ಯ ಕೊಡಲಿ. ನೆರೆಯವರ ಸುಖವನ್ನು ಕಣ್ತುಂಬ ನೋಡುವ ಶಕ್ತಿ ಕೊಡಲಿ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.