ಕೌದಿಯ ನಾಲ್ಕನೆಯ ಮೂಲೆ

ಸಾಯುವವರು ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಿಯೇ ಸಾಯಬೇಕು ಎಂದು ಒಂದು ಕಾಯಿದೆ ಇರಬೇಕಾಗಿತ್ತು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದ ಆಚಾರ್ಯರು ಏನೇನೋ ಕಾಯಿದೆ ಹೇಳಿದರು. ಯಾವ ದಿಕ್ಕಿಗೆ ಮುಖ ಮಾಡಬೇಕು, ಜನಿವಾರ ಯಾವ ಹೆಗಲಿಗೆ ಬರಬೇಕು, ಎಳ್ಳುನೀರು ಯಾವ ಬೆರಳಿನ ಸಂದಿಯಿಂದ ಬಿಡಬೇಕು, ಎಲ್ಲ ಹೇಳಿದರು. ಈ ಒಂದು ಕಾಯಿದೆ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೆ, ಬೈಲಹೊಂಗಲದ ನಮ್ಮ ಮನೆಯ ನಡುಮನೆಯಲ್ಲಿ ಮೂರು ಮೂಲೆ ಮುಗಿದು ನಾಲ್ಕನೆಯದು ಬಾಯಿ ತೆರೆದುಕೊಂಡಿರುವ ಒಂದು ಸಣ್ಣ ಕೌದಿ ಹೀಗೆ ನನ್ನನ್ನೇ ನೋಡುತ್ತ ಬಿದ್ದಿರುತ್ತಿರಲಿಲ್ಲ.

ಅವ್ವ ತೊರಗಲ್ಲಿನವಳು. ಕೋಟೆಯ ನೆರಳಿನಲ್ಲಿ ಬೆಳೆದವಳಾದ್ದರಿಂದಲೋ ಏನೋ, ಯಾರ ಮಾತಿಗೂ ಸುಲಭಕ್ಕೆ ಶರಣಾಗುತ್ತಿರಲಿಲ್ಲ. ಮದುವೆಯಾಗಿ ಚಚಡಿಗೆ ಬಂದಳು. ಅಲ್ಲಿ ನನ್ನ ಅಜ್ಜ ವೇದ ಹೇಳುತ್ತಿದ್ದ, ಅಪ್ಪ ಪಂಚಾಂಗ ನೋಡಿ ಮುಹೂರ್ತ ತೆಗೆಯುತ್ತಿದ್ದ. ನಾನು ಬೋರ್‌ವೆಲ್ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುತ್ತೇನೆ. ಮೂರು ತಲೆಮಾರಿನಲ್ಲಿ ನಾವು ಎಲ್ಲಿಂದ ಎಲ್ಲಿಗೆ ಬಂದೆವು ಎಂದು ನಾನೊಮ್ಮೆ ನಿಟ್ಟುಸಿರು ಬಿಟ್ಟಾಗ ಅವ್ವ, "ಅವರು ಮಂತ್ರಾ ಹೇಳಿ ಮಳಿ ಬರಸ್ತೀವಿ ಅಂತಿದ್ರು, ನೀ ಖರೇನ ನೀರು ಬರಸ್ತೀ. ಸುಮ್ಮನ ಉಣ್ಣು," ಎಂದು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ್ದಳು.

ಅಪ್ಪ ಹೋದ ಮೇಲೆ ನನ್ನ ಜೊತೆ ಬೈಲಹೊಂಗಲಕ್ಕೆ ಬಂದವಳು ತಂದದ್ದು ದೇವರ ಪೆಟ್ಟಿಗೆ ಮತ್ತು ಹಳೆ ಬಟ್ಟೆಯ ಒಂದು ದೊಡ್ಡ ಗಂಟು. ಆ ಗಂಟು ಎಂದೂ ಕರಗಲಿಲ್ಲ. ನಮ್ಮ ಮೈಮೇಲೆ ಇದ್ದ ಬಟ್ಟೆಯನ್ನೂ ಅವಳು ಒಂಥರಾ ಆಸೆಯಿಂದ ನೋಡುತ್ತಿದ್ದಳು. ಹೊಸ ಅಂಗಿ ಹಾಕಿಕೊಂಡು ಎದುರು ನಿಂತರೆ, "ಭಾಳ ಛಲೋ ಅದ. ಹರದ ಮ್ಯಾಲೆ ನನಗ ಕೊಡು," ಎನ್ನುವುದು ಅವಳ ಆಶೀರ್ವಾದ. ಇಳಕಲ್ ಸೀರೆಯ ಸೆರಗು, ಕುಪ್ಪಸದ ಖಣ, ಅಪ್ಪನ ಧೋತರ, ನನ್ನ ಸಾಲೆಯ ಚಡ್ಡಿ, ಎಲ್ಲ ಒಂದರ ಪಕ್ಕ ಒಂದು ಸೇರಿ ಕೌದಿಯಾಗುತ್ತಿದ್ದವು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, ಹೊದ್ದುಕೊಂಡ ಕೌದಿಯಲ್ಲಿ ನನ್ನ ಬಾಲ್ಯದ ಚಡ್ಡಿ ಸರಿಯಾಗಿ ತನ್ನ ಮೂಗಿನ ಮೇಲೆ ಬರುತ್ತದೆಂದು ದೂರು ಕೊಟ್ಟಿದ್ದಳು. "ತಿರುವಿ ಹೊತ್ತಗೋ ನಮ್ಮವ್ವಾ," ಎಂದು ಅವ್ವ ತೀರ್ಪು ಕೊಟ್ಟಳು.

ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದಾಗ ಅವಳು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, ಹೊಲಿಗೆ ಹೇಗೆ ಹಾಕುತ್ತೀರಿ ಎಂದು. ಈಗ ಹೊಲಿಗೆಯೇ ಹಾಕುವುದಿಲ್ಲ ಅಜ್ಜಿ ಎಂದು ಆತ ಹೇಳಿದ. ಹೊರಗೆ ಬಂದ ಮೇಲೆ ಅವ್ವ ನನ್ನ ಕಿವಿಯಲ್ಲಿ, "ಇಂವಗ ಹೊಲ್ಯಾಕ ಬರೂದಿಲ್ಲ ಅಂತ ಕಾಣಸ್ತದ, ಬ್ಯಾರೆ ಕಡೆ ನೋಡೂಣೇನು?" ಎಂದಳು.

ಕೌದಿಯ ವಿಷಯದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಕೌದಿಗೂ ಹೊಟ್ಟೆ ಇದೆ, ಅದನ್ನು ಉಪವಾಸ ಇಡಬಾರದು. ಹೊಲಿಗೆ ಮುಗಿಸುವಾಗ ಒಂದೊಂದು ಮೂಲೆಯ ಮಡಿಕೆಯಲ್ಲೂ ರೊಟ್ಟಿಯ ಒಂದು ಚೂರು ಇಟ್ಟು ಬಾಯಿ ಮುಚ್ಚಬೇಕು. ಹಸಿದ ಕೌದಿ ಹೊದ್ದವರು ಹಸಿದೇ ಇರುತ್ತಾರಂತೆ. ಆ ರೊಟ್ಟಿಯನ್ನೂ ಹೊಲಿದವಳೇ ಬಡಿದಿರಬೇಕು. ಇದರಿಂದಾಗಿ ನಮ್ಮ ಮನೆಯ ಇಲಿಗಳಿಗೆ ಎಲ್ಲ ಕೌದಿಗಳ ಮೂಲೆಗಳೂ ಬಾಯಿಪಾಠವಾಗಿದ್ದವು. ನಾನು ಗೊಣಗಿದರೆ, "ಅವಕ್ಕೂ ಲೇಕರು ಇರ್ತಾವ," ಎನ್ನುತ್ತಿದ್ದಳು. ಲೇಕರು ಎಂದರೆ ಮಕ್ಕಳು. ನನ್ನನ್ನೂ ಕೊನೆಯವರೆಗೆ ಹಾಗೆಯೇ ಕರೆದಳು, ನನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೂ.

ರಾಮದುರ್ಗಕ್ಕೆ ಕೊಟ್ಟ ನನ್ನ ಮಗಳು ವಿದ್ಯಾ ಬಸುರಿ ಎಂದು ತಿಳಿದ ದಿನವೇ ಅವ್ವ ಗಂಟು ಬಿಚ್ಚಿದಳು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸಬಾರದು, ಮೆತ್ತಗಾದ ಹಳೆಯದೇ ಆಗಬೇಕು. ಹುಡುಕಿ ಹುಡುಕಿ ತನ್ನ ಅತಿ ಹಳೆಯ ಸೀರೆಗಳನ್ನು ಹರಿದಳು. ಮಧ್ಯೆ ನನ್ನ ಹತ್ತಿರವೂ ಬಂದು, "ಆ ಧೋತರಾ ಕೊಡಪಾ, ಹಿಂಜಿ ಹೋಗೇದ," ಎಂದಳು. ಇನ್ನೂ ಒಂದು ವರ್ಷ ಬಾಳಿಕೆ ಬರುತ್ತದೆ ಎಂದು ನಾನು ಕೊಡಲಿಲ್ಲ. ಮೂರು ಮೂಲೆಗೆ ರೊಟ್ಟಿ ಇಟ್ಟು ಹೊಲಿದ ಮರುದಿನ ಬೆಳಿಗ್ಗೆ ಚಹಾ ಕುಡಿದು, ಸೂಜಿಯನ್ನು ನಾಲ್ಕನೆಯ ಮೂಲೆಗೆ ಚುಚ್ಚಿಟ್ಟು, "ಚೂರು ಅಡ್ಡಾಗತೀನಿ, ಬಿಸಲು ಏರಿದ ಮ್ಯಾಲೆ ಎಬ್ಬಸು," ಎಂದು ಮಲಗಿದಳು. ಬಿಸಿಲು ಏರಿತು. ನಾನು ಎಬ್ಬಿಸಿದೆ. ಇದಕ್ಕಿಂತ ಹೆಚ್ಚು ಹೇಳುವುದು ನನ್ನಿಂದ ಆಗುವುದಿಲ್ಲ.

ಸೂತಕದ ಮನೆಯಲ್ಲಿ ಮೊದಲು ಮಾಡಿಟ್ಟ ಅಡಿಗೆ ಉಳಿಯಬಾರದು ಎಂದು ಆಚಾರ್ಯರು ಹೇಳಿದರು. ಅವ್ವ ಬಡಿದು ಒಣಗಿಸಿ ಬುಟ್ಟಿಯಲ್ಲಿ ಪೇರಿಸಿಟ್ಟ ಕಟಕ ರೊಟ್ಟಿಗಳಿದ್ದವು, ತಿಂಗಳಾದರೂ ಕೆಡದಂಥವು. ಮಂತ್ರ ಬಿಟ್ಟು ಮೋಟಾರು ಹಿಡಿದವನು ಎಂಬ ಅಳುಕು ನನಗೆ ಮೊದಲಿಂದಲೂ ಇದೆ. ಆದ್ದರಿಂದ ಇಂಥ ವಿಷಯದಲ್ಲಿ ಆಚಾರ್ಯರಿಗಿಂತ ಒಂದು ಕೈ ಹೆಚ್ಚೇ ಕಟ್ಟುನಿಟ್ಟು ಮಾಡುತ್ತೇನೆ. ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಓಣಿಯ ಆಕಳ ಮುಂದೆ ಪೂರ್ತಿ ಸುರಿದು, ಚೂರೂ ಉಳಿಯದಂತೆ ಕೊಡವಿ ಬಂದೆ. ಆ ಆಕಳು ಈಗಲೂ ಬಂದು ಬಾಗಿಲಿಗೆ ನಿಲ್ಲುತ್ತದೆ. ಅದರ ಮುಖ ನೋಡುವುದು ನನ್ನಿಂದಾಗುವುದಿಲ್ಲ. ನಮ್ಮವ್ವನ ಕೈಯ ಕೊನೆಯ ರೊಟ್ಟಿ ಅದರ ಹೊಟ್ಟೆಯಲ್ಲಿದೆ, ನನ್ನ ಹೊಟ್ಟೆಯಲ್ಲಿ ಇಲ್ಲ.

ಅವ್ವನ ಹಾಸಿಗೆ, ಹೊದಿಕೆ, ಅವಳ ಸ್ವಂತ ಕೌದಿ ಎಲ್ಲ ದಾನಕ್ಕೆ ಹೋದವು. ಈ ಸಣ್ಣದನ್ನು ನೋಡಿ ಆಚಾರ್ಯರು, "ಇದು ಪೂರ್ಣ ಆಗಿಲ್ಲ, ದಾನಕ್ಕ ಬರೂದಿಲ್ಲ," ಎಂದು ಬಿಟ್ಟರು. ಹೀಗೆ ಅದು ಉಳಿಯಿತು. ಈಗ ವಿದ್ಯಾ ಹೆರಿಗೆಗೆಂದು ಬಂದಿದ್ದಾಳೆ. ದಿನ ಹತ್ತಿರ ಬಂದಿದೆ. ಅವಳದು ಒಂದೇ ಹಟ, ಕೂಸು ಮಲಗಿದರೆ ಅಜ್ಜಿಯ ಕೌದಿಯ ಮೇಲೆಯೇ ಮಲಗಬೇಕು, ಆದರೆ ಹಸಿದ ಕೌದಿಯ ಮೇಲೆ ಬೇಡ. ಅಂಗಡಿಯಿಂದ ನುಣ್ಣನೆಯ ಹಾಸಿಗೆ ತರುತ್ತೇನೆಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಅಜ್ಜಿಯೂ ಸಿಟ್ಟು ಬಂದರೆ ಹೀಗೆಯೇ ಮಲಗುತ್ತಿದ್ದಳು.

ಹೆಂಡತಿಗೆ ಹೊಲಿ ಎಂದೆ. "ಅವರ ಹೊಲಿಗಿ ಬಾಜೂಕ ನಾ ಹೊಲಿಗಿ ಹಾಕಲಾರೆ. ಮನ್ಯಾಗ ರೊಟ್ಟಿ ಬೇಕಾದಷ್ಟು ಬಡೀತೀನಿ, ಆದ್ರ ಅದು ಅವರ ಕೈಯಾಂದಲ್ಲ," ಎಂದಳು. ಹಾಗಾದರೆ ಅವ್ವನ ಕೈಯದು ಈ ಮನೆಯಲ್ಲಿ ಏನು ಉಳಿದಿದೆ ಎಂದು ಕೇಳಿದೆ. ಡಬ್ಬಿ, ಗಡಿಗೆ, ನೆಲವು ಎಲ್ಲ ತಡಕಿಯಾಗಿತ್ತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವರು ಮಾಡಿಟ್ಟಿದ್ದು ಉಳದದ್ದು ನೀವೊಬ್ಬರ. ನಿಮ್ಮನ್ನ ಮೂಲ್ಯಾಗ ಇಟ್ಟು ಹೊಲ್ಯಾಕ ಬರೂದಿಲ್ಲಲ್ಲ," ಎಂದಳು. ನಗಿಸಲು ಹೇಳಿದಳೆಂದು ಕಾಣುತ್ತದೆ. ಇಬ್ಬರೂ ನಗಲಿಲ್ಲ.

ಕೊನೆಗೆ ನಿನ್ನೆ ಮಧ್ಯಾಹ್ನ ನಾನೇ ಕುಳಿತೆ. ಕೂದಲಿನಂಥ ತಾಮ್ರದ ತಂತಿಯನ್ನು ಎಳೆ ತಪ್ಪದೆ ಸುತ್ತುವ ಕೈ ಇದು, ಒಂದು ಮೂಲೆ ಹೊಲಿಯಲಾರದೇ ಎಂಬ ಜಂಬ. ಹೆಂಡತಿಯ ರೊಟ್ಟಿಯದೇ ಒಂದು ಚೂರು ಮಡಿಕೆಯಲ್ಲಿಟ್ಟೆ. ಚಕ್ಕಳಮಕ್ಕಳ ಹಾಕಿ, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ಅವ್ವ ಚುಚ್ಚಿಟ್ಟ ಸೂಜಿಯನ್ನೇ ಎಳೆದೆ. ಅದರಲ್ಲಿ ಅವಳೇ ಪೋಣಿಸಿದ ದಾರ ಇನ್ನೂ ಇತ್ತು. ಅದನ್ನು ನೋಡಿದ ಮೇಲೆ ನನಗೆ ಮುಂದಿನದು ಸರಿಯಾಗಿ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡೆ, ಮತ್ತೆ ಮಂಜಾಯಿತು. ಕೈಗೆ ಸಿಕ್ಕಲ್ಲಿ ಚುಚ್ಚಿದೆ, ಎಳೆದೆ, ಬಿಗಿದೆ. ಅವಳ ದಾರ ಪೂರ್ತಿ ಮುಗಿಯುವವರೆಗೆ ಹೊಲಿದು ಗಂಟು ಹಾಕಿದೆ.

ಮಗಳಿಗೆ ತೋರಿಸಲು ಎದ್ದೆ. ಕೌದಿಯೂ ಎದ್ದಿತು. ಕೌದಿಯ ಮೂಲೆಯನ್ನು ನನ್ನ ಧೋತರದ ಜೊತೆ, ಅದೇ ಹಿಂಜಿಹೋದ ಧೋತರದ ಜೊತೆ ಸೇರಿಸಿ ಭದ್ರವಾಗಿ ಹೊಲಿದಿದ್ದೆ. ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ಕೌದಿ ಹಿಡಿದು ನಡುಮನೆಯಲ್ಲಿ ನಿಂತೆ. ಹೆಂಡತಿ ಬಂದು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಹೊಲಿಗಿ ಬಿಚ್ಚತೀನಿ ತಡಿ," ಎಂದೆ ಮಗಳಿಗೆ.

ವಿದ್ಯಾ ಕತ್ತರಿ ಹಿಡಿದು ಗೋಡೆಗೆ ಆತುಕೊಂಡು ಮೆಲ್ಲಗೆ ಬಂದಳು. "ಬಿಚ್ಚಬ್ಯಾಡ ಅಪ್ಪಾ, ಅಜ್ಜಿ ದಾರ ಅದು," ಎಂದವಳೇ ಧೋತರವನ್ನು ಹೊಲಿಗೆಯ ಸುತ್ತ ಕತ್ತರಿಸಿದಳು. ಕೌದಿಯನ್ನು ಹೊಟ್ಟೆಗೆ ಅವಚಿಕೊಂಡು ಹೋಗಿ ಮಲಗಿದಳು, ಈ ಸಲ ನಮ್ಮ ಕಡೆ ಮುಖ ಮಾಡಿ. ಅವ್ವ ಬೇಡಿದ ತುಂಡು ಅವಳ ಕೌದಿಗೆ ಸೇರಿತು. ನನ್ನ ಧೋತರದಲ್ಲಿ ಅಂಗೈಯಗಲ ಕಿಂಡಿ ಉಳಿದಿದೆ. ಬೆಳಿಗ್ಗೆಯಿಂದ ಅದನ್ನು ಹಿಡಿದುಕೊಂಡು ಮನೆಯಲ್ಲೆಲ್ಲ ಓಡಾಡುತ್ತಿದ್ದೇನೆ. ತೇಪೆ ಹಾಕಿಕೊಡು ಎಂದು ಕೇಳಲು ಎರಡು ಸಲ ಅವ್ವನ ಕೋಣೆಯ ತನಕ ಹೋಗಿ ಬಂದೆ.